ಪಶ್ಚಿಮದ ಗೋಡೆಗೆ ಉಷ್ಣನಿರೋಧಕ ಪದರ: ಒಳಗಡೆಯೋ, ಹೊರಗಡೆಯೋ?

ಪ್ರಶ್ನೆ: ವಿಜಯನಗರ ಮೂರನೇ ಹಂತ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು 30×40 ನಿವೇಶನದಲ್ಲಿರುವ ಎರಡು ಅಂತಸ್ತಿನ ಮನೆ. ಗೋಡೆಗಳು ಆರು ಇಂಚಿನ ಸಾಲಿಡ್ ಬ್ಲಾಕಿನವು, ಎರಡೂ ಬದಿಗೆ ಸಿಮೆಂಟ್ ಗಾರೆಯಾಗಿದೆ. ಪಶ್ಚಿಮದ ನಿವೇಶನ ಇನ್ನೂ ಖಾಲಿ ಇರುವುದರಿಂದ ಮೇಲಿನ ಅಂತಸ್ತಿನ ಮಲಗುವ ಕೋಣೆಯ ಗೋಡೆಗೆ ಇಳಿಬಿಸಿಲು ನೇರವಾಗಿ ಬೀಳುತ್ತದೆ. ಬೇಸಿಗೆಯಲ್ಲಿ ರಾತ್ರಿ ಊಟ ಮುಗಿಸಿ ಮಲಗಲು ಹೋದಾಗಲೂ ಆ ಗೋಡೆಯ ಮೇಲೆ ಅಂಗೈ ಇಟ್ಟರೆ ಬಿಸಿ ತಟ್ಟುತ್ತದೆ. ಆ ಕೋಣೆಯಲ್ಲಿ ಮಲಗುವವರು ವಯಸ್ಸಾದ ನಮ್ಮ ತಾಯಿ. ಎ.ಸಿ. ಅವರಿಗೆ ಒಗ್ಗುವುದಿಲ್ಲ, ಆದ್ದರಿಂದ ಅದನ್ನು ಹಾಕಿಸುವ ಆಲೋಚನೆ ಇಲ್ಲ.

ಒಬ್ಬ ಗುತ್ತಿಗೆದಾರರು ಒಳಗಡೆ ಥರ್ಮಾಕೋಲ್ ಹಲಗೆ ಕೂರಿಸಿ ಜಿಪ್ಸಂ ಬೋರ್ಡಿನಿಂದ ಮುಚ್ಚೋಣ ಎನ್ನುತ್ತಾರೆ. ಇನ್ನೊಬ್ಬರು ಸಾರವೆ ಕಟ್ಟಿ, ಹೊರಗಡೆ ಹಲಗೆ ಅಂಟಿಸಿ, ಅದರ ಮೇಲೆ ಫೈಬರ್ ಮೆಶ್ ಮತ್ತು ತೆಳುವಾದ ಗಾರೆ ಕೊಡುವುದೇ ಸರಿ ಎನ್ನುತ್ತಾರೆ. ಎರಡನೆಯದಕ್ಕೆ ಖರ್ಚು ಹೆಚ್ಚು. ಆ ಹೆಚ್ಚಿನ ಖರ್ಚಿಗೆ ತಕ್ಕ ಪ್ರಯೋಜನ ಸಿಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಿವಿಲ್ ಎಂಜಿನಿಯರ್, ಕುವೆಂಪುನಗರ

ನಿಮ್ಮ ಮನೆಗೆ ಹೊರಗಡೆಯ ಪದರವೇ ಸೂಕ್ತವೆಂದು ನನ್ನ ಅಭಿಪ್ರಾಯ. ಶಾಖ ತಡೆಯುವ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ: ಆರು ಇಂಚಿನ ಸಾಲಿಡ್ ಬ್ಲಾಕಿನ ಗೋಡೆಯ ಒಂದು ಚದರ ಮೀಟರಿನ ಮೂಲಕ, ಒಳಹೊರಗಿನ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 3 ವಾಟ್ ಶಾಖ ಹರಿಯುತ್ತದೆ, 50 ಮಿಲಿಮೀಟರ್ ಥರ್ಮಾಕೋಲನ್ನು ಯಾವ ಬದಿಗೆ ಹಾಕಿದರೂ ಅದು 0.6ರ ಆಸುಪಾಸಿಗೆ ಇಳಿಯುತ್ತದೆ. ವ್ಯತ್ಯಾಸವಿರುವುದು ಗೋಡೆಯ ತೂಕ ಯಾವ ಕಡೆ ಉಳಿಯುತ್ತದೆ ಎಂಬುದರಲ್ಲಿ. ಮೈಸೂರಿನಲ್ಲಿ ಬೇಸಿಗೆಯಲ್ಲೂ ರಾತ್ರಿ ಗಾಳಿ ತಂಪಾಗಿಯೇ ಬೀಸುತ್ತದೆ. ರಾತ್ರಿ ಕಿಟಕಿ ತೆರೆದಿಟ್ಟರೆ ಬ್ಲಾಕಿನ ಗೋಡೆ ಆ ತಂಪನ್ನು ಹಿಡಿದಿಟ್ಟುಕೊಂಡು, ಮರುದಿನ ಮಧ್ಯಾಹ್ನದವರೆಗೂ ಕೋಣೆಯ ಬಿಸಿಯನ್ನು ತಾನು ಹೀರಿಕೊಳ್ಳುತ್ತದೆ. ಪದರ ಹೊರಗಿದ್ದರೆ ಮಾತ್ರ ಈ ಅನುಕೂಲ ನಿಮಗೆ ದಕ್ಕುತ್ತದೆ. ಒಳಗಡೆ ಹಾಕಿದರೆ ಗೋಡೆ ಬಿಸಿಲಿನ ಪಾಲಾಗಿ, ಕೋಣೆಗೆ ಬರಿಯ ಜಿಪ್ಸಂ ಬೋರ್ಡ್ ಉಳಿಯುತ್ತದೆ.

ಒಳಪದರದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಹಾಸಿಗೆಯ ಕಡೆಗೆ ಬರುವ ಝಳವನ್ನು ಅದು ಖಂಡಿತ ತಡೆಯುತ್ತದೆ. ಸಂಜೆ ಒಂದೆರಡು ಗಂಟೆ ಎ.ಸಿ. ಹಾಕುವ ಕೋಣೆಯಾಗಿದ್ದರೆ ನಾನೇ ಅದನ್ನು ಸೂಚಿಸುತ್ತಿದ್ದೆ, ಏಕೆಂದರೆ ಆಗ ಇಡೀ ಗೋಡೆಯನ್ನು ತಣಿಸುವ ಅಗತ್ಯ ಬೀಳುವುದಿಲ್ಲ. ಆದರೆ ಬೀಮು ಮತ್ತು ಚಾವಣಿ ಗೋಡೆಗೆ ಸೇರುವ ಕಡೆ ಒಳಪದರ ತುಂಡಾಗುತ್ತದೆ, ಅಲ್ಲಿಂದ ಶಾಖ ದಾಟುತ್ತದೆ. ಕಪಾಟಿಗೆ ಮೊಳೆ ಹೊಡೆಯುವುದಕ್ಕೂ ತೊಂದರೆ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮದು ಮೇಲಿನ ಅಂತಸ್ತು. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ಮೈಸೂರಿನ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಅತಿ ಹೆಚ್ಚು ಬಿಸಿಲು ಕುಡಿಯುವುದು ಗೋಡೆಯಲ್ಲ, ತಾರಸಿ. ರಾತ್ರಿ ಅದೇ ಅಂಗೈಯನ್ನು ಒಂದು ಕುರ್ಚಿ ಹತ್ತಿ ಚಾವಣಿಗೂ ಇಟ್ಟು ನೋಡಿ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು ವಾಸದ ಕಟ್ಟಡಗಳ ಚಾವಣಿಗೆ ಮೇಲೆ ಗೋಡೆಗೆ ಹೇಳಿದ ವಾಟ್ ಲೆಕ್ಕದಲ್ಲೇ 1.2ರ ಮಿತಿ ಇಟ್ಟಿದೆ. ಬರಿಯ ಕಾಂಕ್ರೀಟ್ ಚಾವಣಿಯದು 3ಕ್ಕಿಂತ ಹೆಚ್ಚಿರುತ್ತದೆ. ತಾರಸಿಗೆ ಬಿಳಿಯ ಕೂಲ್ ರೂಫ್ ಪೇಂಟ್ ಬಳಿಸುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ಕೆಲಸ. ಅದನ್ನು ಮೊದಲು ಮಾಡಿಸಿ.

ಉತ್ತರ: ವಿದ್ಯಾನಗರ, ಮಂಡ್ಯ

ಎಂಜಿನಿಯರ್ ಅವರು ಹೇಳಿದ್ದಕ್ಕೆ ತೇವದ ವಿಷಯವನ್ನು ಸೇರಿಸಬಯಸುತ್ತೇನೆ. ನಾಲೆಯ ನೀರು ಹರಿಯುವ ನಮ್ಮ ಕಡೆ ಗೋಡೆಗಳು ಪಾಯದಿಂದಲೇ ನೀರು ಹೀರುತ್ತವೆ. ನಮ್ಮ ಸಂಬಂಧಿಕರ ಮನೆಯಲ್ಲಿ ಇಂಥ ಗೋಡೆಯನ್ನು ಒಳಗಡೆಯಿಂದ ಬೋರ್ಡ್ ಹಾಕಿ ಮುಚ್ಚಿದ್ದರು. ಬಿಚ್ಚಿ ನೋಡಿದಾಗ ಹಿಂಬದಿಯೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು, ಗಾರೆ ಉಪ್ಪು ಬಿಟ್ಟುಕೊಂಡು ಪುಡಿಯಾಗಿ ಉದುರುತ್ತಿತ್ತು. ಮೇಲಿನ ಅಂತಸ್ತಿಗೆ ಪಾಯದ ತೇವ ಏರದಿರಬಹುದು, ಆದರೆ ಗೋಡೆಯ ಬಿರುಕಿನಿಂದ ಮಳೆನೀರು ಇಳಿಯುತ್ತಿದ್ದರೆ ಫಲ ಅದೇ. ಒಳಗಾಗಲಿ ಹೊರಗಾಗಲಿ, ಗೋಡೆ ಪೂರ್ತಿ ಒಣಗದೆ ಯಾವ ಪದರವನ್ನೂ ಹಾಕಿಸಬೇಡಿ.

ಹೊರಪದರವನ್ನು ನೆಲದವರೆಗೆ ಎಳೆಯುವುದೂ ಬೇಡ. ಗೆದ್ದಲು ಥರ್ಮಾಕೋಲನ್ನು ತಿನ್ನದಿದ್ದರೂ ಅದರೊಳಗೆ ದಾರಿ ಕೊರೆದುಕೊಂಡು ಬಾಗಿಲು, ಕಿಟಕಿಗಳ ಮರಕ್ಕೆ ಏರುತ್ತದೆ, ಆ ದಾರಿ ಹೊರಗೆ ಕಾಣುವುದೂ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಪರೀಕ್ಷಿಸಿದೆ: ಚಾವಣಿ ಗೋಡೆಗಿಂತ ಹೆಚ್ಚು ಬಿಸಿಯಾಗಿತ್ತು. ತಾರಸಿಯ ಕೆಲಸವನ್ನು ಮೊದಲು ಮಾಡಿಸುತ್ತೇನೆ. ಗೋಡೆಯ ಬಗ್ಗೆ ಇನ್ನೊಂದು ಸಂದೇಹವಿದೆ. ಪಕ್ಕದ ನಿವೇಶನದವರು ಮುಂದಿನ ವರ್ಷ ಮನೆ ಕಟ್ಟುತ್ತಾರಂತೆ, ಸದ್ಯಕ್ಕೆ ನೆಲ ಅಂತಸ್ತು ಮಾತ್ರ. ಹಾಗಿರುವಾಗ ಕಾಯುವುದು ಲೇಸೇ?

ಉತ್ತರ: ಸಿವಿಲ್ ಎಂಜಿನಿಯರ್, ಕುವೆಂಪುನಗರ

ಅವರು ಎರಡು ಅಂತಸ್ತು ಕಟ್ಟುವುದಾಗಿದ್ದರೆ ಅವರ ಗೋಡೆಯೇ ನಿಮಗೆ ನೆರಳಾಗುತ್ತಿತ್ತು, ಪದರದ ಪ್ರಶ್ನೆಯೇ ಏಳುತ್ತಿರಲಿಲ್ಲ. ನೆಲ ಅಂತಸ್ತು ಮಾತ್ರವೆಂದರೆ ನಿಮ್ಮ ಕೋಣೆಗೆ ಬಿಸಿಲು ತಪ್ಪುವುದಿಲ್ಲ, ಮೇಲಾಗಿ ಅವರು ಕಟ್ಟಿದ ನಂತರ ಸಾರವೆ ನಿಲ್ಲಿಸಲು ಜಾಗವೂ ಸಿಗುವುದಿಲ್ಲ. ಆದ್ದರಿಂದ ತಾರಸಿಗೆ ಬಣ್ಣ ಬಳಿಸಿ ಒಂದು ಬೇಸಿಗೆ ನೋಡಿ. ಆಗಲೂ ಗೋಡೆಯ ಝಳ ತಾಯಿಯವರಿಗೆ ತೊಂದರೆ ಕೊಡುತ್ತಿದ್ದರೆ, ಪಕ್ಕದವರು ಗೋಡೆ ಎಬ್ಬಿಸುವ ಮುನ್ನ ಹೊರಪದರ ಮುಗಿಸಿಕೊಳ್ಳಿ. ಮೇಲಿನ ಅಂತಸ್ತಿನ ಪಶ್ಚಿಮದ ಗೋಡೆ ಒಂದಕ್ಕೆ ಹಾಕಿಸಿದರೆ ಸಾಕು. ಪದರವೂ ಗಾರೆಯೂ ಸೇರಿ ಎರಡೂವರೆ ಇಂಚಿನಷ್ಟು ಮುಂದೆ ಬರುತ್ತದೆ. ಅದು ನಿಮ್ಮ ನಿವೇಶನದ ಗಡಿಯೊಳಗೇ ಇರಬೇಕು.

ಗುತ್ತಿಗೆದಾರರೊಂದಿಗೆ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕಾದದ್ದು ಎರಡು. ಬೆಂಕಿ ಹರಡದಂತೆ ಸಂಸ್ಕರಿಸಿದ ದರ್ಜೆಯ ಹಲಗೆಯನ್ನೇ ಬಳಸಬೇಕು, ಪ್ಯಾಕಿಂಗಿಗೆ ಬರುವ ಥರ್ಮಾಕೋಲ್ ಸಲ್ಲದು. ಪ್ಯಾರಾಪೆಟ್ಟಿನ ತಲೆಯಲ್ಲೂ ಸಜ್ಜಾ, ಕಿಟಕಿಗಳ ಅಂಚಿನಲ್ಲೂ ಮಳೆನೀರು ಪದರದ ಹಿಂದಕ್ಕೆ ಇಳಿಯದಂತೆ ಮುಚ್ಚಿಕೊಡಬೇಕು. ಕೆಲಸವನ್ನು ಮುಂಗಾರುಪೂರ್ವ ಮಳೆ ಹಿಡಿಯುವ ಮೊದಲು, ಜನವರಿ ಅಥವಾ ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ.