ತ್ರಿಜ್ಯ ಹೆಚ್ಚಿದರೆ ಬಲ ಹೆಚ್ಚುವುದೋ, ಕುಗ್ಗುವುದೋ?

ಪ್ರಶ್ನೆ: ಪಿಯುಸಿ ವಿದ್ಯಾರ್ಥಿ, ಚಳ್ಳಕೆರೆ
ಮಾನ್ಯರೇ, ಟಾರ್ಕ್ (ಬಲವೊಂದರ ತಿರುಗಿಸುವ ಪರಿಣಾಮ) ಎಂದರೆ ಬಲ ಮತ್ತು ತ್ರಿಜ್ಯಗಳ ಗುಣಲಬ್ಧ ಎಂದು ಓದಿದ್ದೇನೆ. ಹಾಗಿದ್ದಲ್ಲಿ ತ್ರಿಜ್ಯ ಹೆಚ್ಚಿದಂತೆ ಟಾರ್ಕ್ ಕೂಡ ಹೆಚ್ಚಬೇಕು. ಆದರೆ ನಮ್ಮೂರಿನ ಮೆಕ್ಯಾನಿಕ್ ಒಬ್ಬರು, ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಅಳತೆ ಮೀರಿದ ಟೈರ್ ಹಾಕಿಸಿದರೆ ಎಳೆತ ಕಡಿಮೆಯಾಗುತ್ತದೆ ಎನ್ನುತ್ತಾರೆ. ಇವೆರಡೂ ಹೇಗೆ ಸರಿಯಾಗುತ್ತವೆ?

ಉತ್ತರ: ನಿವೃತ್ತ ಉಪನ್ಯಾಸಕ, ದಾವಣಗೆರೆ
ಸೂತ್ರವೂ ಸರಿ, ಮೆಕ್ಯಾನಿಕ್ ಹೇಳಿದ್ದೂ ಸರಿ. ಮೂರು ರಾಶಿಗಳಲ್ಲಿ ಯಾವುದು ಬದಲಾಗದೆ ನಿಂತಿದೆ ಎಂಬುದನ್ನು ನೀವು ಕೇಳಿಕೊಂಡಿಲ್ಲ, ಅಷ್ಟೇ. ಲಾರಿಯ ಗಾಲಿಯ ನಟ್ ಬಿಚ್ಚುವಾಗ ಕೈಯ ಬಲಕ್ಕೆ ಒಂದು ಮಿತಿಯಿದೆ, 30 ಸೆಂ.ಮೀ. ಸ್ಪ್ಯಾನರಿನ ತುದಿಯಲ್ಲಿ 200 ನ್ಯೂಟನ್ ಹಾಕಿದರೆ 60 ನ್ಯೂಟನ್ ಮೀಟರ್ ಟಾರ್ಕ್ ದೊರೆಯುತ್ತದೆ, ಅದಕ್ಕೆ ಪೈಪು ತೂರಿಸಿ ಉದ್ದವನ್ನು 90 ಸೆಂ.ಮೀ. ಮಾಡಿಕೊಂಡರೆ ಅದೇ ಕೈಗೆ 180 ದೊರೆಯುತ್ತದೆ. ಟ್ರ್ಯಾಕ್ಟರಿನಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಎಂಜಿನ್ ಮತ್ತು ಗೇರುಗಳು ಸೇರಿ ಆಕ್ಸಲ್‌ಗೆ ಕೊಡುವ ಟಾರ್ಕ್ ನಿಗದಿಯಾಗಿರುತ್ತದೆ. ಉದಾಹರಣೆಗೆ ಒಂದು ಗಾಲಿಗೆ 2,100 ನ್ಯೂಟನ್ ಮೀಟರ್ ಎಂದುಕೊಳ್ಳಿ: ತ್ರಿಜ್ಯ 0.6 ಮೀಟರ್ ಇದ್ದರೆ ನೆಲದ ಮೇಲೆ 3,500 ನ್ಯೂಟನ್ ಬಲ, 0.7 ಮೀಟರ್ ಆದರೆ 3,000 ಮಾತ್ರ.

ಉತ್ತರ: ಭೌತಶಾಸ್ತ್ರ ಶಿಕ್ಷಕಿ, ಹಿರಿಯೂರು
ಒಂದು ತಿದ್ದುಪಡಿ. ಬಲವು ತ್ರಿಜ್ಯಕ್ಕೆ ಲಂಬವಾಗಿದ್ದಾಗ ಮಾತ್ರ ಬರೀ ಗುಣಾಕಾರ ಸಾಕು. ಇಲ್ಲದಿದ್ದರೆ ಅವೆರಡರ ನಡುವಿನ ಕೋನದ ಸೈನ್‌ನಿಂದಲೂ ಗುಣಿಸಬೇಕು. ಸ್ಪ್ಯಾನರಿನ ಉದ್ದಕ್ಕೆ 30 ಡಿಗ್ರಿ ಕೋನದಲ್ಲಿ ಎಳೆದರೆ ಟಾರ್ಕ್ ಅರ್ಧಕ್ಕಿಳಿಯುತ್ತದೆ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಎಣ್ಣೆಗಾಣದಲ್ಲಿ ಎತ್ತು ಕಟ್ಟುವ ಮರವನ್ನು ಉದ್ದ ಮಾಡಿದರೆ ಕೆಲಸವೂ ಉಳಿತಾಯವಾಗುತ್ತದೆಯೇ?

ಉತ್ತರ: ನಿವೃತ್ತ ಉಪನ್ಯಾಸಕ, ದಾವಣಗೆರೆ
ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯವರು ಕೇಳಬೇಕಾದ ಪ್ರಶ್ನೆಯೇ ಇದು. ಉಳಿಯುವುದಿಲ್ಲ. ಗಾಣ ತಿರುಗಲು 600 ನ್ಯೂಟನ್ ಮೀಟರ್ ಬೇಕೆಂದಿಟ್ಟುಕೊಂಡರೆ, ಎತ್ತು ನಡುವಿನಿಂದ 2 ಮೀಟರ್ ದೂರದಲ್ಲಿದ್ದಾಗ 300 ನ್ಯೂಟನ್ ಬಲದಿಂದಲೂ, 3 ಮೀಟರ್ ದೂರದಲ್ಲಿದ್ದಾಗ 200 ನ್ಯೂಟನ್ ಬಲದಿಂದಲೂ ಎಳೆಯಬೇಕು. ಆದರೆ ಒಂದು ಸುತ್ತಿನ ದಾರಿ ಸುಮಾರು 12.6 ಮೀಟರಿನಿಂದ 18.8 ಮೀಟರಿಗೆ ಬೆಳೆಯುತ್ತದೆ. ಬಲವನ್ನು ದಾರಿಯಿಂದ ಗುಣಿಸಿದರೆ ಎರಡೂ ಸಲ ಸುಮಾರು 3,770 ಜೂಲ್ ಬರುತ್ತದೆ. ಎತ್ತಿನ ಹೆಗಲಿಗೆ ಭಾರ ಇಳಿಯುವುದು ನಿಜ. ಆದರೆ ಅದು ಮೊದಲಿನ ನಡಿಗೆಯಲ್ಲೇ ನಡೆದರೆ, ಎರಡು ಸುತ್ತು ಮುಗಿಯುವ ಹೊತ್ತಿಗೆ ಮೊದಲಾದರೆ ಮೂರು ಸುತ್ತು ಮುಗಿದಿರುತ್ತಿದ್ದವು.