ಸ್ಟೋರಿ ಪಾಯಿಂಟನ್ನು ಗಂಟೆಯ ಲೆಕ್ಕಕ್ಕೆ ಇಳಿಸುವುದು ಸರಿಯೇ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಏಳು ಜನರ ತಂಡವೊಂದರಲ್ಲಿ ಡೆವಲಪರ್ ಆಗಿದ್ದೇನೆ. ನಮ್ಮದು ಎರಡು ವಾರಗಳ ಸ್ಪ್ರಿಂಟ್, ಅಂದರೆ ಎರಡು ವಾರಕ್ಕೊಮ್ಮೆ ಕೆಲಸ ಆಯ್ದುಕೊಂಡು ಮುಗಿಸುವ ಸುತ್ತು. ಪ್ರತಿ ಕೆಲಸವನ್ನೂ (ಸ್ಟೋರಿಯನ್ನು) ಅದರ ಗಾತ್ರಕ್ಕೆ ತಕ್ಕಂತೆ 3, 5 ಎಂಬಂಥ ಸ್ಟೋರಿ ಪಾಯಿಂಟುಗಳಲ್ಲಿ ಅಂದಾಜಿಸುತ್ತೇವೆ. ಹೊಸದಾಗಿ ಬಂದ ಮ್ಯಾನೇಜರ್ ಅವರು ಒಂದು ಪಾಯಿಂಟಿಗೆ ನಾಲ್ಕು ಗಂಟೆ ಎಂದು ನಿಗದಿಪಡಿಸಿ, ನಮ್ಮ ವೆಲಾಸಿಟಿಯನ್ನು (ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಒಟ್ಟು ಪಾಯಿಂಟುಗಳನ್ನು) ಪಕ್ಕದ ತಂಡದ್ದರೊಂದಿಗೆ ಹೋಲಿಸತೊಡಗಿದ ಮೇಲೆ, ಮೊದಲು 3 ಎನ್ನುತ್ತಿದ್ದ ಕೆಲಸಕ್ಕೆ ನಾವೇ 5 ಎನ್ನುತ್ತಿದ್ದೇವೆ. ಮೂರು ತಿಂಗಳಲ್ಲಿ ವೆಲಾಸಿಟಿ 28ರಿಂದ 45ಕ್ಕೆ ಏರಿದೆ, ಆದರೆ ಗ್ರಾಹಕರ ಕೈ ಸೇರುವ ಕೆಲಸ ಮೊದಲಿನಷ್ಟೇ ಇದೆ. ಪ್ಲಾನಿಂಗ್ ಸಭೆಯಲ್ಲಿ ಯಾರೂ ತಮಗೆ ಅನ್ನಿಸಿದ ಸಂಖ್ಯೆಯನ್ನು ಹೇಳುತ್ತಿಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ. ಪಾಯಿಂಟುಗಳನ್ನೇ ಕೈಬಿಡಬೇಕೇ?

ಉತ್ತರ 1:

ಪಾಯಿಂಟುಗಳು ಹುಟ್ಟಿದ ಬಗೆಯನ್ನು ತಿಳಿದರೆ ನಿಮ್ಮ ತೊಂದರೆಯ ಮೂಲ ಸ್ಪಷ್ಟವಾಗುತ್ತದೆ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ತಂತ್ರಾಂಶ ರೂಪಿಸುವ ವಿಧಾನದ ಆರಂಭದ ದಿನಗಳಲ್ಲಿ ಅಂದಾಜನ್ನು 'ಆದರ್ಶ ದಿನ'ಗಳಲ್ಲಿ, ಅಂದರೆ ಯಾವ ಅಡಚಣೆಯೂ ಇಲ್ಲದೆ ಕುಳಿತು ಮಾಡಿದರೆ ಎಷ್ಟು ದಿನ ಬೇಕು ಎಂಬ ಲೆಕ್ಕದಲ್ಲಿ ಹೇಳುತ್ತಿದ್ದರು. ಅಂಥ ಒಂದು ದಿನದ ಕೆಲಸಕ್ಕೆ ವಾಸ್ತವದಲ್ಲಿ ಸುಮಾರು ಮೂರು ದಿನ ಹಿಡಿಯುತ್ತಿದ್ದುದರಿಂದ, 'ಒಂದು ದಿನದ ಕೆಲಸಕ್ಕೆ ಮೂರು ದಿನವೇಕೆ' ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿತ್ತು. ಆಗ 'ದಿನ' ಎಂಬ ಪದವನ್ನು ಬಿಟ್ಟು 'ಪಾಯಿಂಟ್' ಎನ್ನತೊಡಗಿದರೆಂದು ಆ ವಿಧಾನವನ್ನು ರೂಪಿಸಿದವರಲ್ಲೊಬ್ಬರಾದ ರಾನ್ ಜೆಫ್ರೀಸ್ ಅವರೇ ಬರೆದಿದ್ದಾರೆ. ಗಂಟೆ, ದಿನಗಳ ಜಗ್ಗಾಟವನ್ನು ತಪ್ಪಿಸಲೆಂದೇ ಬಂದ ಅಳತೆಯನ್ನು ಮತ್ತೆ ಗಂಟೆಗೆ ಕಟ್ಟಿಹಾಕಿದರೆ ಹಳೆಯ ಜಗ್ಗಾಟವೇ ಮರಳಿ ಬರುತ್ತದೆ. ಇನ್ನು ಎರಡು ತಂಡಗಳ ಹೋಲಿಕೆಗಂತೂ ಆಧಾರವೇ ಇಲ್ಲ, ಏಕೆಂದರೆ ನಿಮ್ಮ 5 ಮತ್ತು ಅವರ 5 ಒಂದೇ ಸೇರಿನಲ್ಲಿ ಅಳೆದವಲ್ಲ.

ಉತ್ತರ 2:

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಸಭೆಯನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ. ನಮ್ಮ ತಂಡದಲ್ಲಿ 'ರಶೀದಿಯನ್ನು ಕನ್ನಡದಲ್ಲಿಯೂ ಮುದ್ರಿಸಬೇಕು' ಎಂಬ ಸ್ಟೋರಿ ಬಂದಾಗ ಐದು ಜನ ತಮ್ಮ ಅಂದಾಜಾಗಿ 3ರ ಕಾರ್ಡ್ ತೋರಿಸಿದರು, ಟೆಸ್ಟಿಂಗ್ ನೋಡಿಕೊಳ್ಳುವವರು ಒಬ್ಬರೇ 13 ತೋರಿಸಿದರು. ಕಾರಣ ಕೇಳಿದಾಗ ಅವರು ಹಳೆಯ ಪಿಡಿಎಫ್ ಒಂದನ್ನು ತೆರೆದು ತೋರಿಸಿದರು: ನಾವು ಬಳಸುತ್ತಿದ್ದ ಲೈಬ್ರರಿಗೆ (ಸಿದ್ಧ ಕೋಡ್‌ನ ಸಂಗ್ರಹಕ್ಕೆ) ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ, 'ರಸ್ತೆ' ಎಂಬುದು 'ರಸ್‌ತೆ' ಎಂದು ಒಡೆದು ಮುದ್ರಣವಾಗಿತ್ತು. ಲೈಬ್ರರಿಯನ್ನೇ ಬದಲಿಸಬೇಕೆಂಬುದು ಕೋಡ್ ಬರೆಯುವ ಮೊದಲೇ ತಿಳಿಯಿತು. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಅವರು ರೂಪಿಸಿದ ಪ್ಲಾನಿಂಗ್ ಪೋಕರ್ ಎಂಬ ಈ ಅಂದಾಜಿನ ವಿಧಾನದಲ್ಲಿ ಎಲ್ಲರೂ ಒಟ್ಟಿಗೆ ಕಾರ್ಡ್ ತಿರುಗಿಸುವುದು ಇದಕ್ಕಾಗಿಯೇ. ಹಿರಿಯರು ಮೊದಲು 3 ಎಂದಿದ್ದರೆ ಆ 13 ಹೊರಗೆ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಆದರೆ ಮ್ಯಾನೇಜರ್ ಅವರ ಕಷ್ಟವೂ ಸುಳ್ಳಲ್ಲ. ಗ್ರಾಹಕರಿಗೆ ಅವರು ಒಂದು ದಿನಾಂಕವನ್ನು ಹೇಳಲೇಬೇಕು. ಕಳೆದ ಆರು ಸ್ಪ್ರಿಂಟುಗಳಲ್ಲಿ ನಾವು ಮುಗಿಸಿದ ಸ್ಟೋರಿಗಳನ್ನು ಎಣಿಸಿದೆ: 6, 9, 7, 5, 8, 7. ಇನ್ನೂ 40 ಉಳಿದಿವೆ.

ಉತ್ತರ 3:

ನಿಮಗೆ ಬೇಕಾದ ಲೆಕ್ಕ ಆ ಎಣಿಕೆಯಲ್ಲೇ ಇದೆ. ಸರಾಸರಿ 7ರಂತೆ ಹೋದರೆ ಆರು ಸ್ಪ್ರಿಂಟ್, ಅಂದರೆ 12 ವಾರ. ಅತಿ ಕಡಿಮೆ ಮುಗಿಸಿದ 5ರಂತೆ ಹೋದರೆ ಎಂಟು ಸ್ಪ್ರಿಂಟ್, ಅಂದರೆ 16 ವಾರ. ಗ್ರಾಹಕರಿಗೆ ಒಂದೇ ದಿನಾಂಕದ ಬದಲು '12ರಿಂದ 16 ವಾರ' ಎಂದು ಹೇಳಿ, ಪ್ರತಿ ಸ್ಪ್ರಿಂಟ್ ಮುಗಿದಾಗ ಲೆಕ್ಕವನ್ನು ಪರಿಷ್ಕರಿಸಿ ಕಳುಹಿಸುವಂತೆ ಮ್ಯಾನೇಜರ್ ಅವರನ್ನು ಕೇಳಿಕೊಳ್ಳಿ. ಸ್ಪ್ರಿಂಟಿಗೆ ಆಯ್ದುಕೊಂಡ ಕೆಲಸವನ್ನು 'ಬದ್ಧತೆ' ಎನ್ನುವ ಬದಲು 'ಮುನ್ಸೂಚನೆ' ಎನ್ನಬೇಕೆಂದು ಸ್ಪ್ರಿಂಟುಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್ 2011ರಲ್ಲೇ ತಿದ್ದಿಕೊಂಡಿತು. ಅವರೊಂದಿಗೆ ಮಾತನಾಡುವಾಗ ಅದು ನಿಮ್ಮ ನೆರವಿಗೆ ಬಂದೀತು. ಒಂದು ಎಚ್ಚರಿಕೆ ಅಗತ್ಯ: ಉಳಿದ 40ರಲ್ಲಿ ಒಂದು ಸ್ಪ್ರಿಂಟಿನೊಳಗೆ ಮುಗಿಯದಷ್ಟು ದೊಡ್ಡ ಸ್ಟೋರಿಗಳಿದ್ದರೆ, ಮೊದಲು ಅವುಗಳನ್ನು ಒಡೆದು, ಆಮೇಲೆ ಎಣಿಸಿ.