ವಿಸ್ಕಾನ್ಸಿನ್ ಚಳಿಗಾಲದಲ್ಲಿ ಹಿತ್ತಲ ಹಕ್ಕಿಗಳಿಗೆ ಕಾಳು: ಯಾವುದನ್ನು ಹಾಕಬೇಕು, ಎಲ್ಲಿ ತೂಗುಹಾಕಬೇಕು?

ಪ್ರಶ್ನೆ (ಮ್ಯಾಡಿಸನ್, ವಿಸ್ಕಾನ್ಸಿನ್)

ಎಲ್ಲರಿಗೂ ನಮಸ್ಕಾರ. ನವಲಗುಂದದ ಕಡೆ ಜೀವಮಾನವೆಲ್ಲ ಒಕ್ಕಲುತನ ಮಾಡಿದ ನಮ್ಮ ತಂದೆಯವರು ಈ ಬಾರಿ ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬಂದಿದ್ದಾರೆ. ಹಿಮ ಬೀಳಲು ಆರಂಭವಾದ ಮೇಲೆ ಅವರು ಹೊರಗೆ ಅಡ್ಡಾಡುವುದು ನಿಂತುಹೋಗಿದೆ. ಹಗಲಿನ ಬಹುಭಾಗ ಅಡುಗೆಮನೆಯ ಪಕ್ಕದ ದೊಡ್ಡ ಗಾಜಿನ ಬಾಗಿಲ ಬಳಿ ಕುಳಿತು, ನೆರೆಮನೆಯವರು ತೂಗುಹಾಕಿರುವ ಫೀಡರಿಗೆ (ಹಕ್ಕಿಗಳಿಗೆ ಕಾಳು ತುಂಬಿಡುವ ಡಬ್ಬಿಗೆ) ಬರುವ ಹಕ್ಕಿಗಳನ್ನು ನೋಡುತ್ತಿರುತ್ತಾರೆ. ನಮ್ಮ ಹಿತ್ತಲಲ್ಲಿಯೂ ಅಂಥದೊಂದು ಇರಲಿ ಎಂಬುದು ಅವರ ಆಸೆ.

ಅಂಗಡಿಯಲ್ಲಿ ಹತ್ತಾರು ಬಗೆಯ ಚೀಲಗಳಿವೆ. ಬೆಲೆಯಲ್ಲಿ ಬಹಳ ಅಂತರವಿದೆ. ಯಾವುದನ್ನು ಕೊಳ್ಳಬೇಕು? ಮರಕುಟಿಗಗಳಿಗೆ ಸೂಯೆಟ್ ಎಂಬ ಬಿಲ್ಲೆಯನ್ನು ಹಾಕಬೇಕೆಂದು ಅಂಗಡಿಯವರು ಹೇಳಿದರು. ಅದು ದನದ ಕೊಬ್ಬೆಂದು ತಿಳಿಯಿತು. ಅದನ್ನು ನಾವು ಮನೆಗೆ ತರುವಂತಿಲ್ಲ. ಉಳಿದ ರೊಟ್ಟಿ, ಅನ್ನ ಹಾಕಿದರೆ ಆಗದೇ ಎಂದು ತಂದೆಯವರು ಕೇಳುತ್ತಾರೆ. ಇದೆಲ್ಲಕ್ಕಿಂತ ಮುಖ್ಯವಾಗಿ ಅವರಿಗೆ ಇನ್ನೊಂದು ಚಿಂತೆ ಇದೆ: ಒಮ್ಮೆ ಕಾಳು ಹಾಕುವ ರೂಢಿ ಮಾಡಿದ ಮೇಲೆ ನಾವು ಎರಡು ವಾರ ಊರಿಗೆ ಹೋದರೆ, ನಮ್ಮನ್ನೇ ನಂಬಿಕೊಂಡ ಹಕ್ಕಿಗಳು ಈ ಚಳಿಯಲ್ಲಿ ಉಪವಾಸ ಬಿದ್ದು ಸತ್ತಾವೆ ಎಂಬ ಭಯ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ರಾಚೆಸ್ಟರ್, ಮಿನೆಸೋಟ)

ನಿಮ್ಮ ತಂದೆಯವರು ಕೃಷಿಕರೆಂದ ಮೇಲೆ ಆ ಚೀಲಗಳನ್ನು ನಿಮಗಿಂತ ಚೆನ್ನಾಗಿ ಅವರೇ ಓದಬಲ್ಲರು. ಒಂದು ದಿನ ಅಂಗಡಿಗೆ ಕರೆದುಕೊಂಡು ಹೋಗಿ. ಅಲ್ಲಿ ಸ್ಯಾಫ್ಲವರ್ ಎಂದು ಬರೆದಿರುವುದು ಕುಸುಬೆ, ಪ್ರೋಸೋ ಮಿಲೆಟ್ ಎಂದಿರುವುದು ಬರಗು, ಮೈಲೋ ಎಂದಿರುವುದು ಕೆಂಪು ಜೋಳ, ನೈಜರ್ ಎಂದಿರುವುದು ಗುರೆಳ್ಳು. ಅಗ್ಗದ ಮಿಶ್ರಣಗಳ ತೂಕ ಹೆಚ್ಚಿಸುವುದು ಮುಖ್ಯವಾಗಿ ಈ ಜೋಳವೇ. ನಮ್ಮ ಭಾಗದ ಫೀಡರ್ ಹಕ್ಕಿಗಳಲ್ಲಿ ಹೆಚ್ಚಿನವು ಅದನ್ನು ಕೊಕ್ಕಿನಿಂದ ಬದಿಗೆ ತಳ್ಳಿ, ತಮಗೆ ಬೇಕಾದ ಬೀಜವನ್ನು ಮಾತ್ರ ಆರಿಸಿಕೊಳ್ಳುತ್ತವೆ. ಕೆಳಗೆ ಬಿದ್ದ ಜೋಳ ಹಿಮದ ಅಡಿಯಲ್ಲಿ ಕೊಳೆತು ಇಲಿಗಳನ್ನು ಕರೆಯುತ್ತದೆ. ಆದ್ದರಿಂದ ಅಗ್ಗದ ಚೀಲ ನಿಜಕ್ಕೂ ಅಗ್ಗವಲ್ಲ.

ಒಂದೇ ಬೀಜ ಕೊಳ್ಳುವುದಾದರೆ ಎಣ್ಣೆ ತೆಗೆಯುವ ಕಪ್ಪು ಸೂರ್ಯಕಾಂತಿಯನ್ನು ಕೊಳ್ಳಿ. ಅದರ ಸಿಪ್ಪೆ ತೆಳುವಾಗಿರುವುದರಿಂದ ಚಿಕ್ಕ ಕೊಕ್ಕಿನ ಚಿಕಡೀಗಳೂ ಒಡೆಯಬಲ್ಲವು, ಮತ್ತು ಕೊಬ್ಬಿನ ಅಂಶ ಹೆಚ್ಚಿರುವುದರಿಂದ ಚಳಿಗೆ ಬೇಕಾದ ಶಕ್ತಿ ದೊರೆಯುತ್ತದೆ. ಕಾರ್ಡಿನಲ್, ನಟ್‌ಹ್ಯಾಚ್, ಹೌಸ್ ಫಿಂಚ್, ಬ್ಲೂ ಜೇ ಎಲ್ಲವೂ ಇದಕ್ಕೆ ಬರುತ್ತವೆ. ಕೆಂಪು ಕಾರ್ಡಿನಲ್ಲನ್ನು ಹೆಚ್ಚು ಹೊತ್ತು ನೋಡಬೇಕೆಂದಿದ್ದರೆ ಸ್ವಲ್ಪ ಕುಸುಬೆಯನ್ನೂ ಬೇರೆ ಫೀಡರಿನಲ್ಲಿ ಹಾಕಿ. ಅಳಿಲುಗಳಿಗೂ ಸ್ಟಾರ್ಲಿಂಗ್‌ಗಳಿಗೂ ಕುಸುಬೆಯ ಮೇಲೆ ಅಷ್ಟು ಮೋಹವಿಲ್ಲ. ಕಾರ್ಡಿನಲ್ ಬೆಳಗಿನ ಮಬ್ಬಿನಲ್ಲಿಯೂ ಮುಸ್ಸಂಜೆಯಲ್ಲಿಯೂ, ಉಳಿದವುಗಳಿಗಿಂತ ಮೊದಲು ಅಥವಾ ಕೊನೆಗೆ, ಬರುವ ಹಕ್ಕಿ. ಜಂಕೊಗಳು ಕೆನಡಾದ ಕಡೆಯ ಕಾಡುಗಳಿಂದ ಚಳಿಗಾಲಕ್ಕೆಂದು ಇಲ್ಲಿಗೆ ಇಳಿದು ಬರುವ ಬೂದು ಬಣ್ಣದ ಚಿಕ್ಕ ಹಕ್ಕಿಗಳು. ಅವು ಫೀಡರಿನ ಮೇಲೆ ಕೂರುವುದಕ್ಕಿಂತ ನೆಲದ ಮೇಲೆ ಬಿದ್ದದ್ದನ್ನು ಹೆಕ್ಕುವುದೇ ಹೆಚ್ಚು, ಹಾಗಾಗಿ ಅವುಗಳಿಗೆ ಒಂದು ಹಿಡಿ ಬರಗನ್ನು ತುಳಿದು ಗಟ್ಟಿ ಮಾಡಿದ ಹಿಮದ ಮೇಲೆ ಚೆಲ್ಲಿದರೆ ಸಾಕು.

ಗುರೆಳ್ಳಿನ ವಿಷಯ ನಿಮ್ಮ ತಂದೆಯವರಿಗೆ ರುಚಿಸೀತು. ನಾವು ರೊಟ್ಟಿಯ ಜೊತೆ ಚಟ್ನಿಪುಡಿ ಮಾಡಿಕೊಳ್ಳುವ ಅದೇ ಕಾಳನ್ನು ಭಾರತ, ಇಥಿಯೋಪಿಯ, ಮ್ಯಾನ್ಮಾರ್‌ಗಳಿಂದ ತರಿಸಿ, ಇಲ್ಲಿ ಗೋಲ್ಡ್‌ಫಿಂಚ್ ಮತ್ತು ಸಿಸ್ಕಿನ್‌ಗಳಿಗೆ ಹಾಕುತ್ತಾರೆ. ಅದರೊಡನೆ ಕಸ್ಕ್ಯೂಟಾದಂಥ ಪರಾವಲಂಬಿ ಕಳೆಯ ಬೀಜ ಬಂದು ಇಲ್ಲಿನ ಹೊಲಗಳಲ್ಲಿ ಮೊಳೆಯಬಾರದೆಂದು ಕಾಯಿಸಿಯೇ ಮಾರುಕಟ್ಟೆಗೆ ಬಿಡುತ್ತಾರೆ. ಸಣ್ಣ ಸೀಳುಗಳಿರುವ ಬೇರೆಯೇ ಫೀಡರ್ ಇದಕ್ಕೆ ಬೇಕು. ಹಳತಾಗಿ ಒಣಗಿದ ಗುರೆಳ್ಳನ್ನು ಗೋಲ್ಡ್‌ಫಿಂಚ್ ಮೂಸಿಯೂ ನೋಡುವುದಿಲ್ಲ, ಆದ್ದರಿಂದ ಚಿಕ್ಕ ಪೊಟ್ಟಣ ತನ್ನಿ. ಇನ್ನೊಂದು ಮಾತು: ಬೇಸಿಗೆಯಲ್ಲಿ ಹೊಳೆಯುವ ಹಳದಿಯಾಗಿರುವ ಈ ಹಕ್ಕಿ ಚಳಿಗಾಲದಲ್ಲಿ ಮಾಸಲು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಚಿತ್ರ ನೋಡಿ ಹಳದಿ ಹಕ್ಕಿಯನ್ನೇ ಹುಡುಕುತ್ತ ಕೂತರೆ ಎದುರಿಗಿದ್ದರೂ ಗುರುತು ಸಿಗದು.

ಸೂಯೆಟ್ ಇಲ್ಲದೆಯೂ ಮರಕುಟಿಗಗಳು ಬರುತ್ತವೆ. ಉಪ್ಪು ಹಾಕದ ಶೇಂಗಾವನ್ನು ಸಿಪ್ಪೆ ಸುಲಿದು ತಂತಿಜಾಲದ ಫೀಡರಿನಲ್ಲಿಟ್ಟರೆ ಡೌನಿ ಮರಕುಟಿಗ, ರೆಡ್-ಬೆಲ್ಲಿಡ್ ಮರಕುಟಿಗ ಎರಡೂ ಬಂದು ಜೋತುಬೀಳುತ್ತವೆ. ಶೇಂಗಾ ಬೆಣ್ಣೆಗೆ ಮೆಕ್ಕೆಜೋಳದ ಹಿಟ್ಟು ಕಲಸಿ ಮರದ ತೊಗಟೆಯ ಬಿರುಕಿಗೆ ಮೆತ್ತುವುದೂ ಇಲ್ಲಿ ಹಳೆಯ ಪದ್ಧತಿಯೇ. ರೊಟ್ಟಿ, ಅನ್ನ ಮಾತ್ರ ಬೇಡ. ಉಪ್ಪು, ಮಸಾಲೆ ತಾಗಿದ ಆಹಾರ ಹಕ್ಕಿಗಳಿಗೆ ಒಳ್ಳೆಯದಲ್ಲ; ಹಿಟ್ಟಿನ ಪದಾರ್ಥದಿಂದ ಹೊಟ್ಟೆ ತುಂಬಿದರೂ ಚಳಿ ತಡೆಯುವ ಕೊಬ್ಬು ದೊರೆಯದು; ಮೇಲಾಗಿ ಅದಕ್ಕೆ ಬರುವ ಅತಿಥಿಗಳು ಇಲಿ ಮತ್ತು ರಕೂನ್‌ಗಳೇ.

ಉತ್ತರ (ಆನ್ ಆರ್ಬರ್, ಮಿಶಿಗನ್)

ಕಾಳಿನ ವಿಷಯವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ತಂದೆಯವರ ಭಯದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಅದಕ್ಕೆ ನಿಮ್ಮ ರಾಜ್ಯದಲ್ಲಿಯೇ ಉತ್ತರ ಹುಡುಕಲಾಗಿದೆ. ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಎಂಬ ವಿಜ್ಞಾನಿಗಳು ವಿಸ್ಕಾನ್ಸಿನ್ನಿನ ಕಪ್ಪು ಟೊಪ್ಪಿಗೆಯ ಚಿಕಡೀಗಳನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಫೀಡರ್ ಲಭ್ಯವಿದ್ದ ಹಕ್ಕಿಗಳಲ್ಲಿ ಶೇಕಡ 69ರಷ್ಟು ಚಳಿಗಾಲವನ್ನು ದಾಟಿದರೆ, ಇಲ್ಲದವುಗಳಲ್ಲಿ ಶೇಕಡ 37ರಷ್ಟು ಮಾತ್ರ ದಾಟಿದವು. ಆದರೆ ಫೀಡರಿಗೆ ಬರುವ ಚಿಕಡೀ ಕೂಡ ತನ್ನ ದಿನದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗವನ್ನಷ್ಟೇ ಅಲ್ಲಿಂದ ಪಡೆಯುತ್ತದೆ. ಉಳಿದದ್ದನ್ನು ತೊಗಟೆಯ ಸಂದಿಯ ಕೀಟಗಳ ಮೊಟ್ಟೆ, ಜೇಡ, ಕಾಡುಬೀಜಗಳಿಂದ ತಾನೇ ಸಂಪಾದಿಸಿಕೊಳ್ಳುತ್ತದೆ. ಅವರೇ ಇನ್ನೊಂದು ಪರೀಕ್ಷೆ ಮಾಡಿದರು. ಇಪ್ಪತ್ತೈದು ವರ್ಷಗಳಿಂದ ಕಾಳು ಹಾಕುತ್ತಿದ್ದ ಜಾಗದಲ್ಲಿ ಫೀಡರುಗಳನ್ನು ತೆಗೆದುಬಿಟ್ಟು, ಎಂದೂ ಫೀಡರನ್ನೇ ಕಾಣದ ಹಕ್ಕಿಗಳೊಂದಿಗೆ ಹೋಲಿಸಿ ನೋಡಿದಾಗ, ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಳು ಸಿಗುವ ಚಳಿಗಾಲ ಹಕ್ಕಿಗೆ ಹಗುರವಾಗುತ್ತದೆ ಎಂಬುದು ನಿಜ; ಕಾಳು ತಿಂದ ಹಕ್ಕಿ ದುಡಿಯುವುದನ್ನು ಮರೆಯುತ್ತದೆ ಎಂಬುದು ನಿಜವಲ್ಲ.

ಚಿಕಡೀ ತೂಗುವುದು ಹತ್ತು–ಹನ್ನೆರಡು ಗ್ರಾಂ. ಚಳಿಯ ರಾತ್ರಿಗಳಲ್ಲಿ ಅದು ತನ್ನ ದೇಹದ ಉಷ್ಣತೆಯನ್ನು ಹತ್ತು ಡಿಗ್ರಿಯಷ್ಟು ತಗ್ಗಿಸಿಕೊಂಡು ಶಕ್ತಿಯನ್ನು ಉಳಿಸುತ್ತದೆ. ಹಗಲಿನಲ್ಲಿ ಫೀಡರಿನಿಂದ ಒಂದೇ ಒಂದು ಬೀಜವನ್ನು ಕಚ್ಚಿಕೊಂಡು ಹಾರಿಹೋಗುತ್ತದಲ್ಲ, ಅದನ್ನು ಪ್ರತಿ ಬಾರಿಯೂ ತಿನ್ನುವುದಿಲ್ಲ. ಎಷ್ಟೋ ಬೀಜಗಳನ್ನು ಒಂದೊಂದನ್ನೂ ಬೇರೆ ಬೇರೆ ಬಿರುಕುಗಳಲ್ಲಿ ಬಚ್ಚಿಟ್ಟು, ವಾರಗಳ ನಂತರವೂ ಜಾಗ ನೆನಪಿಟ್ಟುಕೊಂಡು ಹೊರತೆಗೆಯುತ್ತದೆ. ತಂದೆಯವರು ಒಂದೇ ಹಕ್ಕಿಯನ್ನು ಕಣ್ಣಿನಿಂದ ಹಿಂಬಾಲಿಸಿ ನೋಡಲಿ. ಇಂಥ ಸಂಸಾರಸ್ಥ ಹಕ್ಕಿಯ ಬಗ್ಗೆ ಚಿಂತೆ ತಾನಾಗಿಯೇ ಕಡಿಮೆಯಾದೀತು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಹಿತ್ತಲಿನ ಫೀಡರ್ ಮೊದಲಿಗೆ ಇರುವುದು ನೋಡುವವರಿಗಾಗಿ. ಅದನ್ನು ದಾನವೆಂದು ತಿಳಿದರೆ ಕಾಳು ತೀರಿದ ದಿನ ಪಾಪಪ್ರಜ್ಞೆ ಕಾಡುತ್ತದೆ, ಆದರೆ ನಿಜವಾಗಿ ಹಕ್ಕಿಯ ಜೀವ ತೆಗೆಯುವ ಗಾಜಿನ ಕಡೆ ಗಮನ ಹೋಗುವುದೇ ಇಲ್ಲ. ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ಸಾಯುವ ಹಕ್ಕಿಗಳ ಸಂಖ್ಯೆ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿಯವರೆಗೆ ಇರಬಹುದೆಂದು 2014ರ ಒಂದು ಅಂದಾಜು ಹೇಳುತ್ತದೆ. ಮನೆಗಳ ಕಿಟಕಿಗಳೂ ಇದರಲ್ಲಿ ಸೇರಿವೆ. ನಿಮ್ಮಲ್ಲಿ ದೊಡ್ಡ ಗಾಜಿನ ಬಾಗಿಲಿರುವುದರಿಂದ ಫೀಡರನ್ನು ಒಂದೋ ಅದರಿಂದ ಮೂರು ಅಡಿಯೊಳಗೆ ಇಡಿ, ಇಲ್ಲವೇ ಮೂವತ್ತು ಅಡಿಗಿಂತ ಆಚೆ ಇಡಿ. ತೀರ ಹತ್ತಿರವಿದ್ದರೆ ಗಾಬರಿಯಿಂದ ಹಾರಿದ ಹಕ್ಕಿಗೆ ಗಾಜಿಗೆ ಬಡಿಯುವಷ್ಟು ವೇಗ ಬಂದಿರುವುದಿಲ್ಲ. ನಡುವಿನ ಅಂತರವೇ ಅಪಾಯಕಾರಿ. ಗಾಜಿನ ಹೊರಮೈಗೆ ಎರಡೆರಡು ಅಂಗುಲಕ್ಕೊಂದು ಚುಕ್ಕೆ ಅಂಟಿಸುವುದು ಇನ್ನೂ ಒಳ್ಳೆಯದು. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿದರೆ ಹಕ್ಕಿ ಅದರ ಪಕ್ಕದ ಖಾಲಿ ಜಾಗಕ್ಕೆ ನುಗ್ಗುತ್ತದೆ.

ಅಳಿಲುಗಳ ಕಾಟಕ್ಕೆ ಕಂಬವೇ ಮದ್ದು. ನೆಲದಿಂದ ಐದು ಅಡಿ ಎತ್ತರದಲ್ಲಿ, ಮರ, ಡೆಕ್, ಬೇಲಿ ಎಲ್ಲದರಿಂದ ಹತ್ತು ಅಡಿ ದೂರದಲ್ಲಿ ಕಂಬ ನೆಟ್ಟು, ಫೀಡರಿನ ಕೆಳಗೆ ಕೊಳವೆಯಾಕಾರದ ತಡೆಯನ್ನು ಸಿಕ್ಕಿಸಿ. ಗಾಜಿನ ಹತ್ತಿರವೇ ಇಡುವುದಾದರೆ ಈ ಅಂತರ ಸಾಧ್ಯವಾಗದು; ಆಗ ಕಿಟಕಿಗೇ ಅಂಟುವ ಚಿಕ್ಕ ಫೀಡರ್ ಕೊಂಡು, ಅಳಿಲನ್ನೂ ಒಂದು ನೋಟವೆಂದು ಒಪ್ಪಿಕೊಳ್ಳುವುದು ಲೇಸು.

ಉತ್ತರ (ರೆಡಿಂಗ್, ಇಂಗ್ಲೆಂಡ್)

ಶುಚಿತ್ವದ ಬಗ್ಗೆ ಯಾರೂ ಹೇಳಿಲ್ಲ, ಆದ್ದರಿಂದ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಗ್ರೀನ್‌ಫಿಂಚ್ ಎಂಬ ಸಾಮಾನ್ಯ ಹಿತ್ತಲ ಹಕ್ಕಿ ಟ್ರೈಕೊಮೊನೊಸಿಸ್ ಎಂಬ ಗಂಟಲು ಬೇನೆಯಿಂದ ಎಷ್ಟು ಕುಗ್ಗಿತೆಂದರೆ, 2021ರಲ್ಲಿ ಅದನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಬೇಕಾಯಿತು. ಎಂಜಲು ತಾಗಿದ ಕಾಳು ಮತ್ತು ನೀರಿನಿಂದ ಅದು ಹರಡುತ್ತದೆ. ಅಮೆರಿಕದಲ್ಲಿಯೂ 1994ರಿಂದ ಹೌಸ್ ಫಿಂಚ್‌ಗಳಲ್ಲಿ ಕಣ್ಣು ಊದಿ ಮುಚ್ಚಿಹೋಗುವ ಸೋಂಕು ಹರಡಿದೆ. 2020–21ರ ಚಳಿಗಾಲದಲ್ಲಿ ಸಿಸ್ಕಿನ್‌ಗಳು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಸತ್ತವು. ಹತ್ತಾರು ಹಕ್ಕಿಗಳು ಒಂದೇ ತಟ್ಟೆಗೆ ಕೊಕ್ಕು ಹಾಕುವ ಪರಿಸ್ಥಿತಿಯನ್ನು ನಿರ್ಮಿಸುವವರು ನಾವೇ ಆಗಿರುವಾಗ ತೊಳೆಯುವ ಹೊಣೆಯೂ ನಮ್ಮದೇ. ಎರಡು ವಾರಕ್ಕೊಮ್ಮೆಯಾದರೂ ಫೀಡರನ್ನು ಬಿಚ್ಚಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ನೆನೆಸಿ, ತೊಳೆದು, ಪೂರ್ತಿ ಒಣಗಿಸಿಯೇ ಮತ್ತೆ ತುಂಬಬೇಕು. ಚಪ್ಪಟೆ ತಟ್ಟೆಗಿಂತ ಕೊಳವೆ ಫೀಡರ್ ಮೇಲು. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಕೆಲವು ವಾರ ಎಲ್ಲವನ್ನೂ ತೆಗೆದಿಡಿ. ತೆಗೆದರೆ ಉಪವಾಸ ಬೀಳುವುದಿಲ್ಲವೆಂದು ಮೇಲಿನವರು ಹೇಳಿಯೇ ಇದ್ದಾರಲ್ಲ.

ಪ್ರಶ್ನೆ ಕೇಳಿದವರು (ಮ್ಯಾಡಿಸನ್)

ಎಲ್ಲರಿಗೂ ಕೃತಜ್ಞತೆಗಳು. ಸೂರ್ಯಕಾಂತಿಯ ಫೀಡರನ್ನು ಗಾಜಿನ ಪಕ್ಕದಲ್ಲಿಯೇ ಹಾಕಿದ್ದೇವೆ, ಶೇಂಗಾ ಕೂಡ ಇಟ್ಟಿದ್ದೇವೆ. ಹಿಂಡಿನಲ್ಲಿ ನಮ್ಮೂರಿನ ಗುಬ್ಬಚ್ಚಿಯನ್ನೇ ಕಂಡು ತಂದೆಯವರಿಗೆ ಬಹಳ ಸಂತೋಷವಾಯಿತು. ಆದರೆ ನಿನ್ನೆ ಒಂದು ಗಿಡುಗ ಬಂದು ಪಾರಿವಾಳದಂಥ ಹಕ್ಕಿಯೊಂದನ್ನು ಅವರ ಕಣ್ಣೆದುರೇ ಹೊತ್ತೊಯ್ದಿತು. ನಾವೇ ಕಾಳು ತೋರಿಸಿ ಕೊಲ್ಲಿಸಿದಂತಾಯಿತು ಎಂದು ನೊಂದುಕೊಂಡಿದ್ದಾರೆ. ಗಿಡುಗನನ್ನು ಓಡಿಸಲು ಉಪಾಯವಿದೆಯೇ?

ಉತ್ತರ (ರಾಚೆಸ್ಟರ್)

ಅದು ಬಹುಶಃ ಕೂಪರ್ಸ್ ಹಾಕ್. ಹೊತ್ತೊಯ್ದದ್ದು ಮೌರ್ನಿಂಗ್ ಡವ್ ಇರಬೇಕು. ಗಿಡುಗನಿಗೆ ಇಲ್ಲಿ 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯಿದೆಯ ರಕ್ಷಣೆ ಇರುವುದರಿಂದ ಹಿಡಿಯುವುದಾಗಲಿ ಗಾಯಗೊಳಿಸುವುದಾಗಲಿ ಅಪರಾಧ. ಅದಕ್ಕೂ ಇದು ಚಳಿಗಾಲವೇ ಎಂದು ತಂದೆಯವರಿಗೆ ಹೇಳಿ. ಹೊಲದಲ್ಲಿ ಇಲಿ ಹಿಡಿಯುವ ಗೂಬೆಯನ್ನು ಅವರು ದೂಷಿಸಿರಲಾರರು. ಪದೇಪದೇ ಬರುತ್ತಿದ್ದರೆ ಕೆಲವು ದಿನ ಫೀಡರ್ ಇಳಿಸಿಡಿ. ಅದು ಬೇರೆ ಕಡೆ ಹೋಗುತ್ತದೆ. ಹತ್ತು ಹನ್ನೆರಡು ಅಡಿ ದೂರದಲ್ಲಿ ಒಂದು ದಟ್ಟ ಪೊದೆ ಇದ್ದರೆ ಚಿಕ್ಕ ಹಕ್ಕಿಗಳಿಗೆ ಅವಿತುಕೊಳ್ಳಲು ಅನುಕೂಲ. ಇನ್ನು ಗುಬ್ಬಚ್ಚಿಯನ್ನು 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ಬ್ರೂಕ್ಲಿನ್‌ಗೆ ತಂದು ಬಿಟ್ಟಿದ್ದು. ಇಲ್ಲಿ ಅದು ಸ್ಥಳೀಯ ಹಕ್ಕಿಗಳ ಗೂಡು ಕಸಿಯುವ ಪರದೇಶಿ ಎಂದು ಹಕ್ಕಿಪ್ರಿಯರಿಗೆ ಬೇಸರ. ತಂದೆಯವರ ಸಂತೋಷಕ್ಕೆ ಅಡ್ಡಿ ಬರುವುದು ಬೇಡ, ನೆರೆಮನೆಯವರ ಮುಂದೆ ಮಾತ್ರ ಹೆಚ್ಚು ಹೊಗಳಬೇಡಿ.

ಅವರಿಗೆ ಬರೆದಿಡುವ ಅಭ್ಯಾಸವಿದ್ದರೆ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಬರ್ಡ್ಸ್ ಕೆನಡಾ ನಡೆಸುವ ಪ್ರಾಜೆಕ್ಟ್ ಫೀಡರ್‌ವಾಚ್‌ಗೆ ಸೇರಿಸಿ. ಅದು ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಎರಡು ದಿನ ಸತತವಾಗಿ ಗಮನಿಸಿ, ಪ್ರತಿ ಜಾತಿಯಲ್ಲೂ ಒಂದೇ ಹೊತ್ತಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನು ಮಾತ್ರ ಬರೆಯಬೇಕು. ಬಂದು ಹೋದವನ್ನೆಲ್ಲ ಕೂಡಿಸಿದರೆ ಒಂದೇ ಚಿಕಡೀ ಮೂವತ್ತಾಗಿಬಿಡುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಶುಲ್ಕವಿಲ್ಲ, ಹದಿನೈದು ನಿಮಿಷ ನೋಡಿದರೂ ಸಾಕು. ಅದು 2013ರಿಂದ ಜಗತ್ತಿನಾದ್ಯಂತ ನಡೆಯುತ್ತಿರುವುದರಿಂದ ಮುಂದಿನ ವರ್ಷ ಅವರು ನವಲಗುಂದದಿಂದಲೇ ಎಣಿಸಬಹುದು.

ಉತ್ತರ (ಮೈಸೂರು)

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಅವರು ಊರಿಗೆ ಮರಳಿದ ಮೇಲೆ ಎಣಿಕೆಯನ್ನು ಮುಂದುವರಿಸಲಿ, ಫೀಡರನ್ನು ಮಾತ್ರ ಹಾಗೆಯೇ ತರುವುದು ಬೇಡ. ಇಲ್ಲಿ ಚಳಿಗಾಲದಲ್ಲಿ ನೆಲವನ್ನು ಮುಚ್ಚುವ ಹಿಮವಿಲ್ಲ, ಹಕ್ಕಿಗಳಿಗೆ ಅದು ಬರಗಾಲವೂ ಅಲ್ಲ. ಆ ತಿಂಗಳುಗಳಲ್ಲಿ ಉತ್ತರದಿಂದ ನಮ್ಮ ತೋಟಗಳಿಗೆ ಬರುವ ಉಲಿಯಕ್ಕಿ, ನವರಂಗ, ಬೂದು ಸಿಪಿಲೆಗಳು ಹುಳು ತಿನ್ನುವವು. ಕಾಳಿನ ಕಡೆ ಅವು ತಿರುಗಿಯೂ ನೋಡುವುದಿಲ್ಲ. ಪಟ್ಟಣದಲ್ಲಿ ಕಾಳು ಚೆಲ್ಲಿದರೆ ಬರುವುದು ಪಾರಿವಾಳಗಳ ಹಿಂಡು, ಅವುಗಳ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ತೊಂದರೆಯೂ ಉಂಟಾಗುತ್ತದೆ. ಒಂದು ಗಸಗಸೆ ಹಣ್ಣಿನ ಗಿಡ, ಒಂದು ದಾಸವಾಳ, ನೆರಳಿನಲ್ಲಿ ಅಗಲ ಬಾಯಿಯ ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರು ಇಷ್ಟಿದ್ದರೆ ಪಿಕಳಾರ, ಸೂರಕ್ಕಿಗಳು ಬರುತ್ತವೆ. ನೀರನ್ನು ಮಾತ್ರ ದಿನವೂ ಬದಲಿಸಬೇಕು, ಇಲ್ಲವಾದರೆ ಅದರಲ್ಲಿ ಸೊಳ್ಳೆ ಮರಿ ಮಾಡುತ್ತದೆ.